ಮೀನ ಮಾಸ ಮತ್ತು ಅರ್ಧ ಪಾಲು: ಉದ್ಯಾವರದ ಕಡಲ ಬದಿಯಿಂದ ಒಂದು ಓದು

ಶಾಸನ ಓದುವ ಹುಚ್ಚು ನನಗೆ ಹೊಸದಾಗಿ ಹಿಡಿದಿದ್ದ ಕಾಲ. ನಮ್ಮ ಕರಾವಳಿಯ ಒಂದು ದೇವಸ್ಥಾನದ ಹೊರ ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟ ಸವೆದ ಕಲ್ಲಿನ ಮುಂದೆ ಸಂಜೆ ಹೊತ್ತು ಟಾರ್ಚ್ ಹಿಡಿದು ಕೂತಿದ್ದೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಸವೆದ ಅಕ್ಷರವೂ ನೆರಳು ಕೊಡುತ್ತದೆ ಅನ್ನುವುದು ಆಗ ತಾನೇ ಕಲಿತ ವಿದ್ಯೆ. ಮೂರನೆಯ ಸಾಲಿನಲ್ಲಿ ಎರಡು ಅಕ್ಷರ ಸ್ಪಷ್ಟವಾಗಿ ಎದ್ದು ಬಂದವು: ‘ಮೀನ’. ಆಮೇಲೆ ಒಂದು ಅಕ್ಷರದಷ್ಟು ಜಾಗ ಪೂರ್ತಿ ಅಳಿಸಿತ್ತು. ಅದರ ಮುಂದೆ ‘ಸ’.

ನನ್ನ ಎದೆ ಹೊಡೆದುಕೊಳ್ಳತೊಡಗಿತು. ನಾನು ಮೀನುಗಾರರ ಮನೆಯವನು. ತಾಯಿಯ ಕಡೆಯವರು ಉದ್ಯಾವರದ ಪಿತ್ರೋಡಿಯವರು, ತಲೆತಲಾಂತರದಿಂದ ಬಲೆ ಎಳೆದವರು. ಕಲ್ಲಿನಲ್ಲಿ ಮೀನು ಸಿಕ್ಕಿದರೆ ಹೇಗಾಗಬೇಡ! ನಡುವಿನ ಖಾಲಿ ಜಾಗ ಕಲ್ಲಿನ ಒಡಕು, ಕೆತ್ತಿದವನು ಹಾರಿಸಿದ್ದಾನೆ ಅಂತ ನಾನೇ ತೀರ್ಮಾನಿಸಿ ‘ಮೀನ ಸುಂಕ’ ಎಂದು ತುಂಬಿಕೊಂಡೆ. ರಾತ್ರಿಯೇ ಗೆಳೆಯರಿಗೆಲ್ಲ ಫೋಟೊ ಕಳಿಸಿದೆ. ಕಡಲ ಮೀನಿನ ಮೇಲಿನ ತೆರಿಗೆಯ ಶಾಸನ, ನೋಡಿ ಅಂದೆ.

ಮರುದಿನ ಬೆಳಿಗ್ಗೆ ಹಿರಿಯರೊಬ್ಬರು ಫೋನ್ ಮಾಡಿದರು. ನಿವೃತ್ತ ಮೇಷ್ಟ್ರು, ನಾಲ್ಕು ದಶಕದಿಂದ ಕಲ್ಲು ಓದುತ್ತಿರುವವರು.

“ಮಾರಾಯ್ರೆ, ಆ ‘ಸ’ ಆದ ಮೇಲೆ ಎಂತ ಉಂಟು?”

“ಎರಡು ಗುರುತು ಇದೆ ಸರ್. ಅಂಕಿ ಥರ ಕಾಣ್ತದೆ.”

“ಅದರ ಮುಂದೆ?”

“‘ವಾರ’ ಅಂತ ಓದಬಹುದು.”

“ಹಾಗಾದ್ರೆ ನಿಮಗೆ ಸಿಕ್ಕಿದ್ದು ಮೀನಲ್ಲ, ಮೀನ ಮಾಸ.”

ಅಳಿಸಿಹೋದ ಅಕ್ಷರ ‘ಮಾ’. ತುಳುನಾಡಿನ ಶಾಸನಗಳಲ್ಲಿ ಸೌರಮಾನದ ತಿಂಗಳು ಹೇಳುವುದು ವಾಡಿಕೆ. ಮೇಷ, ವೃಷಭ, ಮಿಥುನ ಎಂದು ರಾಶಿಯ ಹೆಸರಿನಲ್ಲಿ ತಿಂಗಳು, ಆಮೇಲೆ ದಿನದ ಸಂಖ್ಯೆ, ಆಮೇಲೆ ವಾರ. ಬೃಹಸ್ಪತಿ ಯಾವ ರಾಶಿಯಲ್ಲಿದ್ದಾನೆಂದು ಹೇಳುವ ಕಲ್ಲುಗಳೂ ಇವೆ. ಮೀನ ಮಾಸ ಅಂದರೆ ನಮ್ಮ ತುಳುವಿನ ಸುಗ್ಗಿ ತಿಂಗಳು, ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಮನೆಯಲ್ಲಿ ಇವತ್ತಿಗೂ ಬಿಸುವಿಗೆ ದಿನ ಲೆಕ್ಕ ಹಾಕುವ ನನಗೆ ಅದು ಹೊಳೆಯಲಿಲ್ಲ. ಯಾಕೆಂದರೆ ನಾನು ಓದಿದ್ದು ಕಲ್ಲನ್ನಲ್ಲ, ನನ್ನ ಆಸೆಯನ್ನು.

ತಪ್ಪು ಒಪ್ಪಿಕೊಂಡೆ, ಎಲ್ಲರಿಗೂ ತಿಳಿಸಿದೆ. ಆದರೆ ಆ ತಪ್ಪಿನ ಹಿಂದಿದ್ದ ಪ್ರಶ್ನೆ ಹೋಗಲಿಲ್ಲ. ಇಷ್ಟು ಶಾಸನಗಳಿರುವ ಈ ಕರಾವಳಿಯ ಕಲ್ಲುಗಳಲ್ಲಿ ಮೀನು ಹಿಡಿದವನು ಯಾಕೆ ಕಾಣುವುದಿಲ್ಲ? ಇವತ್ತಿನ ಬರಹ ಅದರ ಬಗ್ಗೆ.

ಉದಯಪುರದ ಕಲ್ಲುಗಳು

ಉಡುಪಿಯಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹೋಗುವವರು ಉದ್ಯಾವರದ ಸೇತುವೆಯ ಮೇಲೆ ಒಂದು ನಿಮಿಷ ನಿಂತು ಪಡುವಣಕ್ಕೆ ನೋಡಬೇಕು. ಪಾಪನಾಶಿನಿ ಅಂತಲೂ ಕರೆಸಿಕೊಳ್ಳುವ ಈ ಹೊಳೆ ಕಡಲಿನ ಹತ್ತಿರಕ್ಕೆ ಬಂದು ನೇರ ಕಡಲಿಗೆ ಬೀಳುವುದಿಲ್ಲ. ಬಡಗಣಕ್ಕೆ ತಿರುಗಿ, ದಡಕ್ಕೆ ಸಮಾನಾಂತರವಾಗಿ ಹರಿದು, ಮಲ್ಪೆಯ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿಯುವುದು ಒಂದು ಉದ್ದನೆಯ ಮರಳಿನ ಪಟ್ಟಿ. ಪಡುಕೆರೆ ಇರುವುದು ಆ ಪಟ್ಟಿಯ ಮೇಲೆ. ಒಂದು ಬದಿ ಅಲೆ, ಇನ್ನೊಂದು ಬದಿ ನಿಂತಂಥ ನೀರು, ನಡುವೆ ತೆಂಗು ಮತ್ತು ಮನೆ.

ಇಂಜಿನಿಯರ್ ಆಗಿ ನೋಡಿದರೆ ಇದು ಅಲೆಗಳು ದಡದುದ್ದಕ್ಕೆ ಮರಳು ಸಾಗಿಸುವುದರ ಫಲ. ಹೊಳೆಯ ಬಾಯಿಗೆ ಮರಳು ಅಡ್ಡ ಬೀಳುತ್ತದೆ, ನೀರು ದಾರಿ ಹುಡುಕಿಕೊಂಡು ಪಕ್ಕಕ್ಕೆ ಹೋಗುತ್ತದೆ. ಅಳಿವೆ ಜರುಗುವುದು ಈ ಕರಾವಳಿಯ ಸ್ವಭಾವ. ಆದರೆ ದೋಣಿಯವನಾಗಿ ನೋಡಿದರೆ ಇದು ದೇವರು ಕೊಟ್ಟ ಬಂದರು. ಹೊರಗೆ ಎಷ್ಟೇ ಅಲೆ ಇರಲಿ, ಒಳಗೆ ಬಂದರೆ ದೋಣಿ ಅಲುಗಾಡುವುದಿಲ್ಲ. ಆಳುಪ ಅರಸರು ಇಲ್ಲಿ ರಾಜಧಾನಿ ಮಾಡಿಕೊಂಡದ್ದಕ್ಕೆ ಈ ನೀರೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಶಾಸನಗಳಲ್ಲಿ ಈ ಊರು ಉದಯಪುರ. ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರ ರಾಜಧಾನಿ ಮಂಗಳಾಪುರದಲ್ಲಿ, ಇಲ್ಲಿ, ಆಮೇಲೆ ಬಾರಕೂರಿನಲ್ಲಿ ಇತ್ತು. ಈ ಸೀಮೆಯ ಅತ್ಯಂತ ಹಳೆಯದೆಂದು ಗಣಿಸುವ ವಡ್ಡರ್ಸೆ ಶಾಸನ 7ನೆಯ ಶತಮಾನದ್ದು. ಅದರ ನಂತರದ ಮುಖ್ಯ ಗುಂಪೇ ಉದ್ಯಾವರದ ಕಲ್ಲುಗಳು, ಸುಮಾರು 8ನೆಯ ಶತಮಾನದ ಆಸುಪಾಸಿನವು. ಜರ್ಮನ್ ವಿದ್ವಾಂಸ ಹುಲ್ಟ್ಸ್ ಇವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ನಂತರ ಬಿ.ಎ. ಸಾಲೆತೊರೆ, ಕೆ.ವಿ. ರಮೇಶ್, ಪಿ. ಗುರುರಾಜ ಭಟ್ ಮೂವರೂ ಈ ಕಲ್ಲುಗಳ ಮೇಲೆಯೇ ತುಳುನಾಡಿನ ಆದಿ ಇತಿಹಾಸವನ್ನು ಕಟ್ಟಿದ್ದಾರೆ.

ಏನಿದೆ ಈ ಕಲ್ಲುಗಳಲ್ಲಿ? ಹೆಚ್ಚಿನವು ವೀರಗಲ್ಲುಗಳು. ಅರಸು ಮನೆತನದೊಳಗೇ ಸಿಂಹಾಸನಕ್ಕಾಗಿ ಜಗಳ ನಡೆದಿದೆ. ಚಿತ್ರವಾಹನ, ರಣಸಾಗರ, ಶ್ವೇತವಾಹನ, ಪೃಥ್ವೀಸಾಗರ, ವಿಜಯಾದಿತ್ಯ ಎಂಬ ಹೆಸರುಗಳು ಬರುತ್ತವೆ. ಒಬ್ಬ ಉದಯಪುರವನ್ನು ಹೊಗುತ್ತಾನೆ, ಇನ್ನೊಬ್ಬನ ಕಡೆಯ ಆಳು ಎದುರು ನಿಂತು ಕಾದುತ್ತಾನೆ, ಇರಿದು ಸಾಯುತ್ತಾನೆ, ಸ್ವರ್ಗಕ್ಕೇರುತ್ತಾನೆ. ನಾಲ್ಕೈದು ಸಾಲು, ಅಷ್ಟೇ. ಘಟ್ಟದ ಮೇಲಿನ ಪೊಂಬುಳ್ಚ, ಅಂದರೆ ಹುಂಚದ ಹೆಸರೂ ಬರುತ್ತದೆ. ಒಂದು ಪುಟ್ಟ ಊರಿನಲ್ಲಿ ಸಾವಿರದಿನ್ನೂರು ವರ್ಷದ ಹಿಂದೆ ನಡೆದ ಅಂತರ್ಯುದ್ಧಕ್ಕೆ ಇಷ್ಟು ಸಾಕ್ಷಿ ಒಂದೇ ಕಡೆ ಸಿಗುವುದು ಅಪರೂಪ.

ಈಗ ಒಂದು ವಿಚಿತ್ರ ನೋಡಿ. ಅರಸರ ಹೆಸರಿನಲ್ಲೇ ಸಾಗರ ಇದೆ: ರಣಸಾಗರ, ಪೃಥ್ವೀಸಾಗರ. ಅವರ ಲಾಂಛನ ಮೀನು. ಕನ್ನಡದ ಅತ್ಯಂತ ಹಳೆಯ ತಾಮ್ರಪಟವೆಂದು ಗಣಿಸುವ, ಆಳುವರಸನ ಬೆಳ್ಮಣ್ಣು ತಾಮ್ರಪಟದ ಮುದ್ರೆಯಲ್ಲಿ ಜೋಡಿ ಮೀನುಗಳಿವೆ. ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹವಿರುವ ಆಳುಪರ ಚಿನ್ನದ ನಾಣ್ಯಗಳಲ್ಲೂ ಕೊಡೆಯ ಕೆಳಗೆ ಎರಡು ಮೀನು. ಮುದ್ರೆಯಲ್ಲಿ ಮೀನು, ನಾಣ್ಯದಲ್ಲಿ ಮೀನು, ಹೆಸರಿನಲ್ಲಿ ಸಾಗರ. ಮೀನು ಹಿಡಿದವನ ಹೆಸರು ಮಾತ್ರ ಇಲ್ಲ.

ಆ ಮೀನು ಬಲೆಯಿಂದ ಬಂದದ್ದಲ್ಲ, ವಂಶಾವಳಿಯಿಂದ ಬಂದದ್ದು. ಮಧುರೆಯ ಪಾಂಡ್ಯರ ಲಾಂಛನವೂ ಮೀನೇ. ಆಳುಪರು ತಮ್ಮನ್ನು ಪಾಂಡ್ಯ ಕುಲದವರೆಂದು ಕರೆದುಕೊಂಡರು, ಲಾಂಛನವನ್ನೂ ಧರಿಸಿದರು. ಮೀನ ಮಾಸದಲ್ಲಿ ನಾನು ಮುಗ್ಗರಿಸಿದ ಹಾಗೆಯೇ, ಈ ಲಾಂಛನ ನೋಡಿ ಆಳುಪರು ಮೀನುಗಾರರ ಅರಸರು ಅಂತ ಹೇಳಿಬಿಡುವವರೂ ಇದ್ದಾರೆ. ಹಾಗೆ ಓದಲಿಕ್ಕೆ ಆಧಾರ ಇಲ್ಲ.

ಕಲ್ಲು ಯಾಕೆ ಸುಮ್ಮನಿದೆ

ಕಾರಣ ಹುಡುಕುತ್ತಾ ನಾನು ಮಾಡಿದ್ದು ಸುಲಭದ ಕೆಲಸ. ದಕ್ಷಿಣ ಕನ್ನಡ, ಉಡುಪಿ ಕಡೆಯ ಪ್ರಕಟಿತ ಶಾಸನಗಳನ್ನು ಓದುತ್ತಾ ಹೋಗಿ, ಯಾವುದನ್ನು ದಾನ ಕೊಟ್ಟರು, ಯಾವುದರಲ್ಲಿ ಅಳೆದರು ಅಂತ ಪಟ್ಟಿ ಮಾಡಿದೆ. ಗದ್ದೆ, ಹಿತ್ತಿಲು, ತೆಂಗು. ಅಕ್ಕಿ ಮುಡಿಯ ಲೆಕ್ಕದಲ್ಲಿ, ಹಾನೆಯ ಲೆಕ್ಕದಲ್ಲಿ. ಹಣ ಬಾರಕೂರು ಗದ್ಯಾಣದಲ್ಲಿ. ದೀಪಕ್ಕೆ ಎಣ್ಣೆ, ನೈವೇದ್ಯಕ್ಕೆ ಅಕ್ಕಿ, ಬ್ರಾಹ್ಮಣರ ಊಟ.

ಇವೆಲ್ಲದರ ಗುಣ ಒಂದೇ. ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಶಾಸನ ಅಂದರೆ ಚಂದ್ರ ಸೂರ್ಯರಿರುವ ತನಕ ನಡೆಯಬೇಕಾದ ಕರಾರು. ಇಂತಿಷ್ಟು ಮುಡಿ ಗೇಣಿ ಬರುವ ಗದ್ದೆಯನ್ನು ಚಂದ್ರಾರ್ಕವಾಗಿ ಬರೆದುಕೊಡಬಹುದು. ನಾಳೆ ಬೆಳಿಗ್ಗೆ ಬಂಗುಡೆ ಬರುತ್ತದೋ ಇಲ್ಲವೋ ಅನ್ನುವುದನ್ನು ಹೇಗೆ ಬರೆಯುವುದು? ತಮಿಳುನಾಡಿನ ಶಾಸನಗಳಲ್ಲಿ ‘ಪಾಸಿಪ್ಪಾಟ್ಟಂ’ ಎಂಬ ಮೀನಿನ ಹುಟ್ಟುವಳಿಯ ಪಾವತಿ ಬರುತ್ತದೆ. ಆದರೆ ಅದು ಕೆರೆಯ ಮೀನು. ಕೆರೆಗೆ ಏರಿಯಿದೆ, ಒಡೆಯನಿದ್ದಾನೆ, ಗುತ್ತಿಗೆ ಕೊಡಬಹುದು. ಕಡಲಿಗೆ ಏರಿ ಎಲ್ಲಿದೆ?

ದಾನ ಶಾಸನಗಳ ಗಡಿ ಹೇಳುವ ಭಾಗ ಓದುವಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಚತುಃಸೀಮೆ ಹೇಳುವಾಗ ಮೂಡಲು ಇಂಥ ಕಲ್ಲು, ತೆಂಕಲು ಇಂಥ ತೋಡು ಅಂತ ಬರುತ್ತದೆ. ಕಡಲ ಬದಿಯ ಭೂಮಿಗೆ ಪಡುವಣ ಗಡಿಯೇ ಕಡಲು. ಶಾಸನದ ಪಾಲಿಗೆ ಕಡಲು ಅಂದರೆ ಭೂಮಿ ಮುಗಿಯುವ ಗೆರೆ, ನಮ್ಮ ಮನೆಯವರಿಗೆ ಕೆಲಸ ಶುರುವಾಗುವ ಜಾಗ. ಕಲ್ಲು ಬರೆಸಿದವನು ಆ ಗೆರೆಯ ತನಕ ಬಂದು ವಾಪಸು ಹೋಗಿದ್ದಾನೆ.

ಹಾಗಂತ ಕಡಲಿನಾಚೆಗೆ ಗಡಿಕಲ್ಲೇ ಇಲ್ಲ ಅಂತ ಅಲ್ಲ. ಜಿಪಿಎಸ್ ಬರುವ ಮೊದಲು ನಮ್ಮ ಮಾವನ ಕಾಲದವರು ಮೀನಿರುವ ಜಾಗವನ್ನು ಮತ್ತೆ ಹುಡುಕುತ್ತಿದ್ದದ್ದು ದಡದ ಎರಡು ಗುರುತುಗಳನ್ನು ಒಂದು ಗೆರೆಗೆ ತಂದು. ಕುದುರೆಮುಖದ ಶಿಖರ ಇಂಥ ತೆಂಗಿನ ತೋಪಿನ ಮೇಲೆ ಬರಬೇಕು, 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭ ಇಂಥ ಬಂಡೆಯ ಬಲಕ್ಕೆ ಕಾಣಬೇಕು. ಎರಡು ಗೆರೆ ಕೂಡುವಲ್ಲಿ ಬಲೆ. ಕುದುರೆಮುಖಕ್ಕೆ ಆ ಹೆಸರು ಬಂದದ್ದೇ ದೂರದಿಂದ ಕಾಣುವ ಕುದುರೆಯ ಮೋರೆಯಂಥ ಆಕಾರದಿಂದ. ಇದೂ ಚತುಃಸೀಮೆಯೇ. ಬಾಯಿಯಿಂದ ಬಾಯಿಗೆ ಬಂತು, ಕಲ್ಲಿಗೆ ಏರಲಿಲ್ಲ, ಅಷ್ಟೇ.

ಇನ್ನೊಂದು ಸ್ವಾರಸ್ಯ ಹೇಳಬೇಕು. ಉದ್ಯಾವರದ ಕಲ್ಲುಗಳನ್ನು ಓದಿದ ಅದೇ ಹುಲ್ಟ್ಸ್ 1904ರಲ್ಲಿ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ್ದ, ಸುಮಾರು 2ನೆಯ ಶತಮಾನದ ಒಂದು ಗ್ರೀಕ್ ಪ್ರಹಸನದ ಬಗ್ಗೆ ಬರೆದರು. ಭಾರತದ ಕರಾವಳಿಯಲ್ಲಿ ಸೆರೆ ಸಿಕ್ಕ ಗ್ರೀಕ್ ಹೆಣ್ಣು, ಅವಳನ್ನು ಬಿಡಿಸಲು ಬಂದವರು, ಕುಡಿದು ಮತ್ತೇರುವ ಅರಸ. ಅರಸನ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡ ಇರಬಹುದು ಎಂದು ಅವರು ಸೂಚಿಸಿದರು. ಆಮೇಲೆ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಬೆಳೆಸಿದರು. ಅದರೊಳಗಿನ ಒಂದು ಉಚ್ಚಾರದಲ್ಲಿ ‘ಮಲ್ಪಿ’ ಎಂಬ ಸದ್ದು ಇರುವುದರಿಂದ ಅದನ್ನು ನಮ್ಮ ಮಲ್ಪೆಗೆ ಜೋಡಿಸುವವರೂ ಇದ್ದಾರೆ. ವಿದ್ವಾಂಸರಲ್ಲಿ ಇದಕ್ಕೆ ಒಮ್ಮತ ಇಲ್ಲ. ಮೀನ ಮಾಸದ ಪೆಟ್ಟು ತಿಂದ ಮೇಲೆ ನಾನಂತೂ ಆ ‘ಮಲ್ಪಿ’ಯನ್ನು ಚೌಕ ಆವರಣದೊಳಗೆ ಇಟ್ಟುಕೊಂಡಿದ್ದೇನೆ.

ಹೆಸರಿಲ್ಲದವರ ದಾಖಲೆ

ನಮ್ಮವರು ದಾಖಲೆಗೆ ಸಿಗುವುದು ಬಹಳ ತಡವಾಗಿ, ಅದೂ ಗುಂಪಾಗಿ. 1909ರ ಥರ್ಸ್ಟನ್ ಅವರ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಮೊಗೇರರ ಬಗ್ಗೆ ಬರಹ ಇದೆ. ಅಳಿಯಸಂತಾನ, ಗುರಿಕಾರ, ಬೊಬ್ಬರ್ಯ ದೈವ, ಎಲ್ಲ ಬರುತ್ತದೆ. ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ ಸರಕಾರಿ ಮೀನು ಉಪ್ಪು ಹಾಕುವ ಅಂಗಳಗಳು ಬಂದವು, ಉಪ್ಪಿನ ತೆರಿಗೆಯಿಲ್ಲದೆ ಅಲ್ಲಿ ಮೀನು ಒಣಗಿಸಬಹುದಿತ್ತು. 1907ರಲ್ಲಿ ಮೀನುಗಾರಿಕೆಗೇ ಒಂದು ಇಲಾಖೆ ಶುರುವಾಯಿತು. ಎಷ್ಟು ಮಣ ಮೀನು, ಎಷ್ಟು ಮಣ ಉಪ್ಪು ಅಂತ ಲೆಕ್ಕ ಬಂತು. ಅಲ್ಲೂ ಮನುಷ್ಯನ ಹೆಸರಿಲ್ಲ. ನಮ್ಮವರು ತಾವೇ ತಮ್ಮ ಹೆಸರು ಬರೆಯತೊಡಗಿದ್ದಕ್ಕೆ ಒಂದು ಗುರುತು ಬೇಕಾದರೆ ಮುಂಬೈಗೆ ಹೋಗಬೇಕು. ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ.

ಮುಂಬೈ ಅಂದಾಗ ನೆನಪಾಯಿತು. ಬೊರಿವಲಿಯ ಎಕ್ಸಾರ್‌ನಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳಿವೆ, ನೋಡಿಲ್ಲದವರು ನೋಡಿ. ಕೆಲವು ಕಲ್ಲುಗಳಲ್ಲಿ ನೌಕಾಯುದ್ಧವನ್ನೇ ಕೆತ್ತಿದ್ದಾರೆ. ಸಾಲು ಹುಟ್ಟುಗಳ ಉದ್ದನೆಯ ಹಡಗುಗಳು, ಮೇಲೆ ಸ್ವರ್ಗ. ಕಡಲಲ್ಲಿ ಸತ್ತವರಿಗೂ ಕಲ್ಲು ಹಾಕಿದ್ದರು ಎಂದು ಖುಷಿಯಿಂದ ಎದುರು ನಿಂತೆ. ಆಮೇಲೆ ಹೊಳೆಯಿತು, ಆ ಕಲ್ಲು ಇರುವುದು ಅರಸನಿಗಾಗಿ ಕಾದಿ ಸತ್ತವರಿಗೆ. ಹೊಟ್ಟೆಪಾಡಿಗೆ ಹೋಗಿ ಸತ್ತವನಿಗಲ್ಲ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಮಂದಿಯೊಂದಿಗೆ ಕಾಣೆಯಾಯಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕರಾವಳಿಯಾಚೆ ಕಡಲ ತಳದಲ್ಲಿ ಅದರ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿತು. ಆ ತಿಂಗಳುಗಳಲ್ಲಿ ನಮ್ಮ ಕಡೆ ಯಾವ ಮನೆಗೆ ಹೋದರೂ ಅದೇ ಮಾತು. ಆಗ ನಾನು ಮಾವನ ಹತ್ತಿರ ಕೇಳಿದೆ, ಮೊದಲೆಲ್ಲ ಹೀಗಾದರೆ ಏನು ಮಾಡುತ್ತಿದ್ದಿರಿ? ಅವರು ಉತ್ತರ ಹೇಳಲಿಲ್ಲ. ಅಟ್ಟಕ್ಕೆ ಹತ್ತಿ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಅದರೊಳಗೆ ರಂಪಣಿಯ ಲೆಕ್ಕದ ಪುಸ್ತಕ ಇತ್ತು.

ರಂಪಣಿ ಪುಸ್ತಕ

ರಂಪಣಿ ನೋಡಿಲ್ಲದವರಿಗೆ ಎರಡು ಮಾತು. ಅದು ದಡದಿಂದ ಎಳೆಯುವ ಬಲೆ, ಒಬ್ಬನದ್ದಲ್ಲ. ಪ್ರತಿ ಪಾಲುದಾರನೂ ತನ್ನ ಬಲೆಯ ತುಂಡು ತರುತ್ತಾನೆ. ತುಂಡುಗಳನ್ನು ಸೇರಿಸಿ ಹೊಲಿದರೆ ಕಿಲೋಮೀಟರ್‌ಗೂ ಮಿಕ್ಕಿದ ಬಲೆಯಾಗುತ್ತದೆ. ನೀರಿನ ಬಣ್ಣ ನೋಡಿ ಬಂಗುಡೆ, ಬೂತಾಯಿಯ ಹಿಂಡು ಗುರುತಿಸುವವನು ದಡದಲ್ಲಿ ಕೂಗು ಹಾಕಿದ ಕೂಡಲೇ ದೋಣಿ ನುಗ್ಗುತ್ತದೆ. ಹಿಂಡನ್ನು ಸುತ್ತುವರಿದು ಬಲೆ ಬಿಡುತ್ತಾ ಮತ್ತೆ ದಡಕ್ಕೆ ಬರುತ್ತದೆ. ಆಮೇಲೆ ಎರಡೂ ತುದಿಗಳಲ್ಲಿ ಹತ್ತಾರು ಜನ ನಿಂತು ಎಳೆಯಬೇಕು. ಮೀನು ವಿಪರೀತ ಸಿಕ್ಕಿದರೆ ಬಲೆಯನ್ನು ನೀರಲ್ಲೇ ಕಟ್ಟಿಟ್ಟು, ಜೀವಂತ ಮೀನನ್ನು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ತೆಗೆದು ಮಾರುವುದೂ ಇತ್ತು. ಐಸ್ ಇಲ್ಲದ ಕಾಲದ ಶೀತಲಗೃಹ ಅದು.

ಪುಸ್ತಕದ ಅಂಚನ್ನೆಲ್ಲ ಗೆದ್ದಲು ತಿಂದಿತ್ತು. ನಾನು ಕಲ್ಲಿಗೆ ಮಾಡುವ ಹಾಗೆಯೇ ಮಾಡಿದೆ. ಪ್ರತಿ ಪುಟಕ್ಕೂ ಓರೆ ಬೆಳಕಿನ ಫೋಟೊ, ಪುಟಸಂಖ್ಯೆ, ಸಾಲುಸಂಖ್ಯೆ, ಹೋದ ಅಕ್ಷರಕ್ಕೆ ಚೌಕ ಆವರಣ. ಎರಡು ದಿನ ಕೂತ ಮೇಲೆ ನಗು ಬಂತು. ಇದು ಶಾಸನವೇ! ಮೇಲೆ ‘ಶ್ರೀ’. ಆಮೇಲೆ ತಿಂಗಳು, ತಾರೀಕು, ವಾರ. ಆಮೇಲೆ ಹೆಸರುಗಳು, ಎದುರಿಗೆ ಪಾಲು. ಕೊನೆಗೆ ದೇವಸ್ವ. ಶಾಪಾಶಯ ಒಂದು ಇಲ್ಲ, ಇದನ್ನು ಅಳಿದವನು ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಅನ್ನುವ ಸಾಲು.

ಪ್ರತಿ ಪುಟದ ಕೊನೆಯಲ್ಲಿ ‘ಬೊ. ಪಾ. 1’ ಅಂತ ಇತ್ತು. ಊರಿನ ಅರ್ಧ ಜನ ದುಡಿಯುವುದು ಬೊಂಬಾಯಿಯಲ್ಲಿ, ಹಾಗಾಗಿ ಬೊಂಬಾಯಿಯವರ ಪಾಲು ಅಂತ ನನ್ನ ಊಹೆ. ಆದರೆ ಈ ಸಲ ಬರೆಯುವ ಮೊದಲು ಕೇಳಿದೆ. ನಾವು ಆಡುವುದು ತುಳು, ಇಲ್ಲಿ ಕನ್ನಡ ಮಾಡಿದ್ದೇನೆ.

“ಮಾವ, ಇದು ಬೊಂಬಾಯಿ ಪಾಲಾ?”

“ಎಂಥ ಬೊಂಬಾಯಿ! ಬೊಬ್ಬರ್ಯನ ಪಾಲು. ಕಡಲಿಗೆ ಹೋಗುವವನು ಅವನನ್ನು ಬಿಟ್ಟು ಲೆಕ್ಕ ಮಾಡ್ತಾನಾ?”

ಬೊಬ್ಬರ್ಯ ಕಡಲು ಕಾಯುವ ದೈವ. ಬೊಬ್ಬರ್ಯನೂ ಒಬ್ಬ ಪಾಲುದಾರ, ಆಳಿನ ಸಾಲಿನಲ್ಲೇ ಅವನ ಹೆಸರು.

ಆಮೇಲೆ ಇನ್ನೊಂದು ಸಾಲಿನ ಮೇಲೆ ಕಣ್ಣು ಬಿತ್ತು. ಒಂದು ಹೆಸರು, ಮೊದಲ ಪುಟಗಳಲ್ಲಿ ಅದರ ಎದುರು ‘1’. ಒಂದು ಆಟಿ ತಿಂಗಳು ಕಳೆದ ನಂತರ ಅದೇ ಹೆಸರಿಗೆ ‘ಮನೆ’ ಅಂತ ಸೇರಿದೆ, ಎದುರಿಗೆ ‘ಅರ್ಧ’. ಪುಟದ ಮೇಲೆ ಪುಟ ಹಾಗೆಯೇ ಹೋಗುತ್ತದೆ. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಆ ಮನೆಯವರು ಇದ್ದಾರೆ.

“ಅವನು ದೋಣಿಯಲ್ಲಿದ್ದ,” ಅಂದರು ಮಾವ. “ಅಲೆ ಒಡೆಯುವಲ್ಲಿ ದೋಣಿ ಮಗುಚಿತು. ಉಳಿದವರು ಬಂದರು.”

“ಅದಕ್ಕೆ ಮನೆಗೆ ಅರ್ಧ ಪಾಲು ಕೊಟ್ಟದ್ದಾ?”

“ಕೊಟ್ಟದ್ದು ಅಂತ ಇಲ್ಲ ಮಗಾ. ಒಂದು ಪಾಲು ಅಂದ್ರೆ ಅರ್ಧ ಬಲೆಗೆ, ಅರ್ಧ ಮೈಗೆ. ಮೈ ಹೋಯ್ತು. ಬಲೆ ಉಂಟಲ್ಲ? ಹಾಗೆ ಅರ್ಧ.”

ಲೆಕ್ಕ ಸರಿಯಾಗಿತ್ತು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಪುಸ್ತಕವನ್ನು ಮತ್ತೆ ಮೊದಲಿನಿಂದ ನೋಡಿದೆ. ಬಲೆಯ ತುಂಡು ಸವೆದಾಗ ಹೊಸದು ತಂದವರ ಹೆಸರಿಗೆ ಅಲ್ಲಲ್ಲಿ ಗುರುತು ಹಾಕಿದ್ದಾರೆ. ಎಲ್ಲರೂ ಕೆಲವು ವರ್ಷಕ್ಕೊಮ್ಮೆ ತುಂಡು ಬದಲಿಸಿದ್ದಾರೆ. ಆ ಒಂದು ಮನೆಯ ಸಾಲಿಗೆ ಗುರುತೇ ಇಲ್ಲ. ಅಂದರೆ ಆ ಮನೆಯ ಬಲೆ ಎಂದೋ ಹರಿದು ಮುಗಿದಿರಬೇಕು. ಪಾಲು ಮಾತ್ರ ನಡೆದಿದೆ.

ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ ತುಂಬ ಹೊತ್ತು ನೋಡಿದರು.

“ಹೌದು. ಬಲೆ ಇರಲಿಕ್ಕಿಲ್ಲ.”

“ಮತ್ತೆ ಪಾಲು?”

“ಯಾರೂ ಕೇಳಲಿಲ್ಲ.”

ಶಾಸನ ಓದುವವರಿಗೆ ‘ನೆತ್ತರುಗೊಡಗೆ’ ಗೊತ್ತಿರುತ್ತದೆ. ಯುದ್ಧದಲ್ಲೋ ತುರುಗೊಳಿನಲ್ಲೋ ಸತ್ತ ವೀರನ ಮನೆಯವರಿಗೆ ಬಿಟ್ಟುಕೊಡುವ ಭೂಮಿ. ಅದನ್ನು ಅರಸನೋ ಊರವರೋ ಕೊಡುತ್ತಾರೆ, ಕಲ್ಲು ಹಾಕಿಸುತ್ತಾರೆ, ಸಾಕ್ಷಿಗಳ ಹೆಸರು ಬರೆಸುತ್ತಾರೆ. ಇಲ್ಲಿ ಅರಸನಿಲ್ಲ, ಕಲ್ಲಿಲ್ಲ, ಕೊಟ್ಟೆವು ಎಂಬ ಮಾತೂ ಇಲ್ಲ. ಪೆನ್ಸಿಲಿನಲ್ಲಿ ಬರೆದ ‘ಮನೆ, ಅರ್ಧ’ ಎಂಬ ಎರಡು ಶಬ್ದ, ಅಷ್ಟೇ. ದೇವಸ್ಥಾನದ ಅಂಗಳದಲ್ಲಿ ನಾನು ಹುಡುಕಿ ಸೋತದ್ದು ಮಾವನ ಅಟ್ಟದಲ್ಲಿತ್ತು.

ಕೊನೆಯ ಪುಟ

ಪುಸ್ತಕ ನಿಲ್ಲುವುದು ಎಪ್ಪತ್ತರ ದಶಕದ ಕೊನೆಗೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಆ ದಶಕದ ನಡುವಿನಲ್ಲಿ ನಮ್ಮ ಕರಾವಳಿಗೆ ಪರ್ಸಿನ್ ಬೋಟುಗಳು ಬಂದವು. ಹಿಂಡು ದಡದ ಹತ್ತಿರ ಬರುವ ತನಕ ಕಾಯುವುದು ರಂಪಣಿ, ಹಿಂಡು ಇದ್ದಲ್ಲಿಗೇ ಹೋಗಿ ಸುತ್ತುವುದು ಪರ್ಸಿನ್. ದಡಕ್ಕೆ ಮೀನೇ ಬರದಿದ್ದರೆ ರಂಪಣಿ ಎಳೆಯುವುದು ಯಾಕೆ? ಜಗಳಗಳಾದವು, ಆಮೇಲೆ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. 1986ರಲ್ಲಿ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆ ಮಳೆಗಾಲದಲ್ಲಿ ನಾಡದೋಣಿಯವರು ಇಳಿಯುತ್ತಾರೆ, ಕೈರಂಪಣಿ ಎಳೆಯುವವರು ಇವತ್ತಿಗೂ ಇದ್ದಾರೆ.

ಇಲ್ಲಿ ನನಗೆ ಮಾವನನ್ನು ನೊಂದವರ ಕಡೆಯವನನ್ನಾಗಿ ಮಾತ್ರ ತೋರಿಸುವ ಆಸೆ ಇತ್ತು. ಆದರೆ ಅವರೇ ಆಮೇಲೆ ಒಂದು ಪರ್ಸಿನ್‌ನಲ್ಲಿ ಪಾಲು ಹಾಕಿದರು. ನಾನು ಇಂಜಿನಿಯರಿಂಗ್ ಓದಿದ್ದಕ್ಕೆ ಆ ದುಡ್ಡಿನ ಪಾಲೂ ಇದೆ. ಕೇಳಿದರೆ, “ರಂಪಣಿಯಲ್ಲಿ ಚಂದ ಇತ್ತು, ಹೊಟ್ಟೆಗೆ ಇರಲಿಲ್ಲ. ಮೀನು ಬಾರದ ವರ್ಷ ಎಲ್ಲರದ್ದೂ ಪಾಲು ಸೊನ್ನೆ,” ಅನ್ನುತ್ತಾರೆ. ಅದೂ ಸತ್ಯವೇ.

ಆದರೂ ಕೊನೆಯ ಪುಟ ನೋಡಿ. ಹೆಸರುಗಳಿವೆ, ಬೊಬ್ಬರ್ಯ ಇದ್ದಾನೆ, ಆ ಮನೆಯೂ ಇದೆ, ಎದುರಿಗೆ ‘ಅರ್ಧ’. ಅದರ ನಂತರ ಖಾಲಿ ಹಾಳೆಗಳು. ಮುಂದೆ ಆ ಮನೆಯ ಹೆಂಗಸು ಮಲ್ಪೆಯ ಧಕ್ಕೆಯಿಂದ ಏಲಂನಲ್ಲಿ ಮೀನು ಹಿಡಿದು, ಬುಟ್ಟಿ ಹೊತ್ತು ಮನೆಮನೆಗೆ ಮಾರಿ ಮಕ್ಕಳನ್ನು ದೊಡ್ಡ ಮಾಡಿದರಂತೆ. ಹೊಸ ಬೋಟಿನ ಲೆಕ್ಕದಲ್ಲಿ ಬಲೆ ಧಣಿಯದು, ಮೈ ಮಾತ್ರ ಆಳಿನದು. ಮೈ ಹೋದರೆ ಉಳಿಯಲಿಕ್ಕೆ ಅರ್ಧ ಅನ್ನುವುದೇ ಇಲ್ಲ. ಈಗ ವಿಮೆ ಇದೆ, ಸರಕಾರದ ಪರಿಹಾರ ಇದೆ. ಅದಕ್ಕೆ ಅರ್ಜಿ ಹಾಕಬೇಕು, ಸತ್ತದ್ದಕ್ಕೆ ದಾಖಲೆ ಕೊಡಬೇಕು. ಯಾರೂ ಕೇಳಲಿಲ್ಲ ಅನ್ನುವ ಹಾಗಿಲ್ಲ.

ಹವ್ಯಾಸಿಗಳಾದ ನಾವು ರಜೆ ಸಿಕ್ಕಿದರೆ ಸಾಕು, ಹೊಸ ಕಲ್ಲು ಹುಡುಕಿಕೊಂಡು ಓಡುತ್ತೇವೆ. ಹುಡುಕಬೇಕು, ಉದ್ಯಾವರದ ಕಲ್ಲುಗಳು ಸಿಗದಿದ್ದರೆ ಉದಯಪುರವೇ ಸಿಗುತ್ತಿರಲಿಲ್ಲ. ಆದರೆ ನಿಮ್ಮಲ್ಲಿ ಕರಾವಳಿಯ ಮನೆಯವರು ಇದ್ದರೆ ಒಮ್ಮೆ ಅಟ್ಟಕ್ಕೂ ಹತ್ತಿ. ರಂಪಣಿಯ ಲೆಕ್ಕ, ಉಪ್ಪಿನ ಚೀಟಿ, ಹಳೆಯ ದೋಣಿಯ ಹಲಗೆಯ ಮೇಲಿನ ಹೆಸರು, ಏನೇ ಇರಲಿ. ಕಲ್ಲು ಇನ್ನೂ ನೂರು ವರ್ಷ ಕಾಯುತ್ತದೆ. ಗೆದ್ದಲು ಕಾಯುವುದಿಲ್ಲ. ಫೋಟೊ ತೆಗೆಯಿರಿ, ಅಕ್ಷರ ಹೋದಲ್ಲಿ ಆವರಣ ಹಾಕಿ. ಆವರಣದೊಳಗೆ ತುಂಬುವ ಮೊದಲು ಗೊತ್ತಿರುವವರು ಬದುಕಿದ್ದರೆ ಕೇಳಿ.

ಪುಸ್ತಕದ ಫೋಟೊಗಳ ಒಂದು ಪ್ರತಿಯನ್ನು ಮುದ್ರಿಸಿ ಆ ಮನೆಗೆ ಕೊಟ್ಟು ಬಂದೆ. ಆ ಹೆಂಗಸು ಈಗ ಇಲ್ಲ. ಮಗ ಇದ್ದಾರೆ, ಬೋಟಿನಲ್ಲಿ ತಾಂಡೇಲ ಆಗಿದ್ದವರು, ಈಗ ದಡದಲ್ಲೇ ಬಲೆ ಹೆಣೆಯುತ್ತಾರೆ. ಪುಟಗಳನ್ನು ಒಂದೊಂದಾಗಿ ಮಗುಚಿ, ತಂದೆಯ ಹೆಸರಿನ ಎದುರಿನ ‘ಅರ್ಧ’ಗಳನ್ನು ಬೆರಳಿಟ್ಟು ಎಣಿಸುತ್ತಾ ಹೋದರು. ಎಷ್ಟಾಯಿತು ಅಂತ ನಾನು ಕೇಳಲಿಲ್ಲ.